ಸಾಲಕ್ಕೆ ಬಡ್ಡಿ ಸೊನ್ನೆ, ಚೀಟಿಗೆ ದೋಷ ಸಂದೇಶ: ಆರ್ ತಂತ್ರಾಂಶ ಹೇಳುತ್ತಿರುವುದೇನು?

ಪ್ರಶ್ನೆ: ನಾನು ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕವೊಂದರ ಲೆಕ್ಕ ಬರೆಯುತ್ತೇನೆ. ಬಿ.ಕಾಂ. ಓದಿದ್ದೇನೆ, ಸಂಖ್ಯಾಶಾಸ್ತ್ರ ಓದುತ್ತಿರುವ ಮಗಳಿಂದ ಆರ್ ತಂತ್ರಾಂಶವನ್ನು ಅಷ್ಟಿಷ್ಟು ಕಲಿತಿದ್ದೇನೆ. ಗೂಡು ಕೊಳ್ಳಲು ಹಣ ಬೇಕಾದಾಗ ಸಾಲ ತೆಗೆಯುವುದು ಮೇಲೋ, ಚೀಟಿ ಎತ್ತುವುದು ಮೇಲೋ ಎಂದು ತಿಳಿಯಲು ಎರಡರ ನಿಜವಾದ ಬಡ್ಡಿದರ ಹುಡುಕಲು ಹೊರಟೆ. ಸಾಲ 1,20,000 ರೂಪಾಯಿ, ವರ್ಷಕ್ಕೆ ಶೇಕಡಾ 12 ಫ್ಲಾಟ್ ಬಡ್ಡಿ, ತಿಂಗಳಿಗೆ 6,200ರಂತೆ 24 ಕಂತು. ಮಾಸಿಕ ದರವನ್ನು 'ದ' ಎಂದಿಟ್ಟುಕೊಂಡು 120000 × ದ − 6200 × (1 − (1 + ದ)^−24) ಎಂಬ ಫಂಕ್ಷನ್ ಬರೆದು, ಅದು ಸೊನ್ನೆಯಾಗುವ ದರವನ್ನು ಹುಡುಕಿಕೊಡುವ ಆರ್ ಆಜ್ಞೆ ಯೂನಿರೂಟ್‌ಗೆ 0ಯಿಂದ 1ರವರೆಗೆ ಹುಡುಕಲು ಹೇಳಿದರೆ ದರ ಸೊನ್ನೆ ಎಂದಿತು. 0.001ರಿಂದ ಹುಡುಕಿಸಿದಾಗ 0.018ರ ಆಸುಪಾಸಿನ ಉತ್ತರ ಬಂತು. ಆದರೆ ವ್ಯಾಪ್ತಿ ಬದಲಿಸಿದಂತೆಲ್ಲ ವಾರ್ಷಿಕ ದರ ದಶಮಾಂಶದಲ್ಲಿ ಅಲ್ಲಾಡುತ್ತದೆ. ಚೀಟಿ 20 ತಿಂಗಳದ್ದು, ಡಿವಿಡೆಂಡ್ ಕಳೆದು ತಿಂಗಳಿಗೆ ಸರಾಸರಿ 4,400 ಕಟ್ಟಿದ್ದೇವೆ; ಹತ್ತನೇ ತಿಂಗಳು ಕೂಗಿ ಎತ್ತಿದಾಗ ಕೈಗೆ ಬಂದದ್ದು 87,800. ಇದಕ್ಕೆ 0ಯಿಂದ 0.1ರವರೆಗೆ ಹುಡುಕಿಸಿದರೆ, ಎರಡು ತುದಿಗಳ ಬೆಲೆಗಳು ವಿರುದ್ಧ ಚಿಹ್ನೆಯವಲ್ಲ ಎಂಬ ದೋಷ ಸಂದೇಶ ಬರುತ್ತದೆ. 'ಹಾಗಾದರೆ ಮೂಲವೇ ಇಲ್ಲ' ಎನ್ನುತ್ತಾಳೆ ಮಗಳು. ಈ ತಂತ್ರಾಂಶವನ್ನು ನಂಬಬಹುದೇ, ಸರ್? ಅಥವಾ ತಪ್ಪು ನನ್ನದೇ?

ಉತ್ತರ: ನಿಮ್ಮ ಪತ್ರ ಓದಿದ ಸಂಜೆಯೇ ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಕುಳಿತು ನಿಮ್ಮ ಅಂಕಿಗಳನ್ನು ಲೆಕ್ಕಕ್ಕೆ ಹಚ್ಚಿ ನೋಡಿದೆ. ಸಾಲ ಅಗ್ಗವೋ ಚೀಟಿ ಅಗ್ಗವೋ ಎಂಬುದು ನಿಮ್ಮ ಮುಖ್ಯ ಚಿಂತೆ. ಅದಕ್ಕೆ ಉತ್ತರ ಕೊಡಬೇಕಾದ ಯಂತ್ರವೇ ನಂಬಿಕೆಗೆ ಅರ್ಹವಲ್ಲವೇನೋ ಎಂಬುದು ಅದರ ಮೇಲಿನ ಚಿಂತೆ. ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ. ಸೊನ್ನೆ ಎಂಬ ಉತ್ತರ, ಅಲ್ಲಾಡುವ ದಶಮಾಂಶ, ದೋಷ ಸಂದೇಶ, ಈ ಮೂರರಲ್ಲೂ ತಂತ್ರಾಂಶ ತನಗೆ ವಹಿಸಿದ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಆದರೆ ಮೂರಕ್ಕೂ ಕಾರಣ ಬೇರೆ ಬೇರೆ, ಪರಿಹಾರವೂ ಬೇರೆ ಬೇರೆ. ಚೀಟಿಯ ಕಾರಣವಂತೂ ಸ್ವಲ್ಪ ಆಳದಲ್ಲಿದೆ, ಹಾಗಾಗಿ ಅದಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

ಫಂಕ್ಷನ್‌ನ ಬೆಲೆ ಸೊನ್ನೆಯಾಗುವ ಜಾಗವೇ ಮೂಲ. ವರ್ಗ ಸಮೀಕರಣದ ಮೂಲಕ್ಕೆ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸೂತ್ರವಿದೆ. ಮೂರನೇ ಮತ್ತು ನಾಲ್ಕನೇ ಘಾತದ ಸಮೀಕರಣಗಳಿಗೂ ಸೂತ್ರಗಳಿವೆ. ಐದನೇ ಘಾತದಿಂದಾಚೆಗೆ ಅಂಥ ಸಾಮಾನ್ಯ ಸೂತ್ರ ಸಾಧ್ಯವೇ ಇಲ್ಲವೆಂದು ನಾರ್ವೆಯ ನೀಲ್ಸ್ ಹೆನ್ರಿಕ್ ಆಬೆಲ್ 1824ರಲ್ಲಿ ಸಾಧಿಸಿ ತೋರಿಸಿದರು. 24 ಕಂತುಗಳ ಸಾಲದಲ್ಲಿ ಅಡಗಿರುವುದು 24ನೇ ಘಾತದ ಸಮೀಕರಣ. ಆದ್ದರಿಂದ ಬ್ಯಾಂಕಿನ ಕಂಪ್ಯೂಟರಾಗಲಿ, ನಿಮ್ಮ ಮಗಳ ಲ್ಯಾಪ್‌ಟಾಪಾಗಲಿ ಬಡ್ಡಿದರವನ್ನು ಸೂತ್ರದಿಂದ ತೆಗೆಯುವುದಿಲ್ಲ, ಹುಡುಕಿ ಹಿಡಿಯುತ್ತವೆ.

ಯೂನಿರೂಟ್ ಹುಡುಕುವ ಬಗೆ ಹೀಗೆ. ನೀವು ಕೊಟ್ಟ ವ್ಯಾಪ್ತಿಯ ಎರಡು ತುದಿಗಳಲ್ಲಿ ಫಂಕ್ಷನ್‌ನ ಬೆಲೆ ನೋಡುತ್ತದೆ. ಒಂದು ಕಡೆ ಋಣ, ಇನ್ನೊಂದು ಕಡೆ ಧನ ಇದ್ದು, ನಡುವೆ ರೇಖೆ ಎಲ್ಲೂ ಕಡಿದು ಹೋಗಿಲ್ಲವಾದರೆ, ಅದು ಸೊನ್ನೆಯ ಗೆರೆಯನ್ನು ಎಲ್ಲೋ ಒಂದು ಕಡೆ ದಾಟಲೇಬೇಕು. ಆ ಭರವಸೆಯ ಮೇಲೆ ವ್ಯಾಪ್ತಿಯನ್ನು ಕಿರಿದು ಮಾಡುತ್ತ ಹೋಗುತ್ತದೆ. ಬರೀ ಅರ್ಧ ಮಾಡುತ್ತ ಹೋದರೂ 1ರಷ್ಟು ಅಗಲದ ವ್ಯಾಪ್ತಿ 34 ಹೆಜ್ಜೆಗಳಲ್ಲಿ ಹತ್ತು ದಶಮಾಂಶಗಳಷ್ಟು ಕಿರಿದಾಗುತ್ತದೆ. ಯೂನಿರೂಟ್ ಬಳಸುವುದು ರಿಚರ್ಡ್ ಬ್ರೆಂಟ್ 1973ರಲ್ಲಿ ಪ್ರಕಟಿಸಿದ ವಿಧಾನವನ್ನು. ಅದು ರೇಖೆಯ ಬಾಗನ್ನು ಅಂದಾಜಿಸಿ ದೊಡ್ಡ ಹೆಜ್ಜೆ ಹಾಕುತ್ತದೆ, ಅಂದಾಜು ಕೈಕೊಟ್ಟಾಗ ಅರ್ಧ ಮಾಡುವ ಹಳೆಯ ದಾರಿಗೆ ಮರಳುತ್ತದೆ. ವೇಗವೂ ಇದೆ, ಹಿಡಿದ ಮೂಲ ಜಾರಿಹೋಗುವ ಭಯವೂ ಇಲ್ಲ. ಇಷ್ಟು ಗಟ್ಟಿಯಾದ ವಿಧಾನಗಳು ಹೆಚ್ಚಿಲ್ಲ ಎಂಬುದು ನನ್ನ ಅನುಭವ.

ಈಗ ಸಾಲದ ಸೊನ್ನೆ. ನಿಮ್ಮ ಫಂಕ್ಷನ್‌ನಲ್ಲಿ 'ದ'ದ ಜಾಗದಲ್ಲಿ ಸೊನ್ನೆಯನ್ನಿಟ್ಟು ಕೈಯಲ್ಲೇ ಲೆಕ್ಕ ಮಾಡಿ. ಮೊದಲ ಭಾಗ ಸೊನ್ನೆ. ಎರಡನೆಯ ಭಾಗದಲ್ಲಿ ಆವರಣದೊಳಗೆ ಒಂದರಲ್ಲಿ ಒಂದು ಕಳೆದು ಅದೂ ಸೊನ್ನೆ. ಸಾಲ ಎಷ್ಟೇ ಇರಲಿ, ಕಂತು ಎಷ್ಟೇ ಇರಲಿ, ಈ ರೂಪದಲ್ಲಿ ಬರೆದ ಸಮೀಕರಣಕ್ಕೆ ಸೊನ್ನೆ ಯಾವಾಗಲೂ ಒಂದು ಮೂಲವಾಗಿರುತ್ತದೆ. ಮೊದಲಿನ ಸಮೀಕರಣದಲ್ಲಿ 'ದ' ಛೇದದಲ್ಲಿತ್ತು. ಛೇದ ತೊಲಗಿಸಲು ಎರಡೂ ಕಡೆ 'ದ'ದಿಂದ ಗುಣಿಸಿದಾಗ ಈ ಕರೆಯದ ಅತಿಥಿ ಒಳಗೆ ಬಂದ. ಯೂನಿರೂಟ್ ಮೊದಲು ತುದಿಗಳನ್ನೇ ಪರೀಕ್ಷಿಸುವುದರಿಂದ, ಎಡತುದಿಯಲ್ಲೇ ಸೊನ್ನೆ ಸಿಕ್ಕಿತು, ಹುಡುಕಾಟ ಅಲ್ಲಿಗೇ ನಿಂತಿತು. ಛೇದವನ್ನು ಉಳಿಸಿಕೊಂಡು 120000 − 6200 × (1 − (1 + ದ)^−24) / ದ ಎಂದು ಬರೆದರೆ ಹುಸಿ ಮೂಲ ಮಾಯವಾಗುತ್ತದೆ; ಆದರೆ ಆಗ 'ದ' ಸೊನ್ನೆಯಾದಾಗ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗಿ ಬೆಲೆಯೇ ಸಿಗದೆ ಬೇರೊಂದು ದೋಷ ಬರುತ್ತದೆ. ಆದ್ದರಿಂದ ಛೇದವಿರುವ ರೂಪವನ್ನೇ ಬಳಸಿ, ಎಡತುದಿಯನ್ನು 0.0001ರಂಥ ಸಣ್ಣ ಸಂಖ್ಯೆಯಾಗಿಸಿ. ಉತ್ತರ ನೀವು ಕೊಟ್ಟ ವ್ಯಾಪ್ತಿಯ ತುದಿಯಲ್ಲೇ ಬಂದು ಕುಳಿತಾಗಲೆಲ್ಲ ಅನುಮಾನಿಸಿ ಎಂದು ನನ್ನ ವಿದ್ಯಾರ್ಥಿಗಳಿಗೆ ಮೊದಲ ಪ್ರಯೋಗ ತರಗತಿಯಲ್ಲೇ ಹೇಳುತ್ತೇನೆ, ಏಕೆಂದರೆ ನಾನು ತಿದ್ದಿದ ಪ್ರಾಜೆಕ್ಟ್ ವರದಿಗಳಲ್ಲಿ ಅತಿ ಹೆಚ್ಚು ಸಲ ಕಂಡ ತಪ್ಪು ಇದೇ.

ಸರಿಯಾದ ಉತ್ತರ ತಿಂಗಳಿಗೆ ಶೇಕಡಾ 1.7976. ಹನ್ನೆರಡರಿಂದ ಗುಣಿಸಿದರೆ ವರ್ಷಕ್ಕೆ 21.57, ತಿಂಗಳ ಬಡ್ಡಿಯ ಮೇಲಿನ ಬಡ್ಡಿಯನ್ನೂ ಸೇರಿಸಿದರೆ 23.84. ಶೇಕಡಾ 12 ಫ್ಲಾಟ್ ಎಂದು ಹೇಳಿ ಕೊಟ್ಟ ಸಾಲ ಇದು. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಫ್ಲಾಟ್ ಲೆಕ್ಕದಲ್ಲಿ ಬಡ್ಡಿಯನ್ನು ಕೊನೆಯವರೆಗೂ ಪೂರ್ತಿ 1,20,000ದ ಮೇಲೆಯೇ ಹಾಕುತ್ತಾರೆ. ದರ ಹತ್ತಿರಹತ್ತಿರ ಇಮ್ಮಡಿಯಾಗುವುದು ಅದರಿಂದಲೇ.

ದಶಮಾಂಶ ಅಲ್ಲಾಡುವುದಕ್ಕೆ ಕಾರಣ ಇನ್ನೂ ಸರಳ. ಎಷ್ಟು ಕಿರಿದಾದಾಗ ನಿಲ್ಲಬೇಕು ಎಂಬುದನ್ನು ಯೂನಿರೂಟ್‌ಗೆ 'ಟಾಲ್' ಎಂಬ ಸೂಚನೆ ಹೇಳುತ್ತದೆ. ನೀವು ಏನೂ ಹೇಳದಿದ್ದರೆ ಅದು ಸುಮಾರು 0.000122ಕ್ಕೆ ತೃಪ್ತಿಪಡುತ್ತದೆ, ಕಂಪ್ಯೂಟರಿನ ಅಂಕಗಣಿತದ ನಿಖರತೆಯಾದ 2.22 × 10^−16ರ ನಾಲ್ಕನೇ ಘಾತಮೂಲ ಅದು. ಸಾವಿರಾರು ರೂಪಾಯಿ ಬೆಲೆಯನ್ನೋ, ಮೀಟರುಗಳನ್ನೋ ಹುಡುಕುವವರಿಗೆ ಅಷ್ಟು ಸಾಕೋ ಸಾಕು. ನೀವು ಹುಡುಕುತ್ತಿರುವ ಸಂಖ್ಯೆಯೇ 0.018. ಅದರಲ್ಲಿ 0.000122 ಅತ್ತಿತ್ತ ಆದರೆ ವಾರ್ಷಿಕ ದರದಲ್ಲಿ 0.15ರಷ್ಟು ಹೆಚ್ಚುಕಡಿಮೆಗೆ ಅವಕಾಶವಾಗುತ್ತದೆ. ಛೇದವಿರುವ ರೂಪದಲ್ಲಿ ಸೊನ್ನೆಯಾಗಬೇಕಾದ ಬೆಲೆ 168 ರೂಪಾಯಿಯವರೆಗೂ ಉಳಿಯಬಹುದು. ಟಾಲ್ ಅನ್ನು 10^−10 ಎಂದು ಕೊಡಿ. ಅದಾದ ಮೇಲೆ ಉತ್ತರದ ಜೊತೆ ಬರುವ 'ಎಫ್.ರೂಟ್' ಎಂಬ ಸಾಲನ್ನು, ಅಂದರೆ ಸಿಕ್ಕ ದರದಲ್ಲಿ ಫಂಕ್ಷನ್ನಿಗೆ ಉಳಿದಿರುವ ಬೆಲೆಯನ್ನು, ನೋಡಿ. ಅದು ಒಂದು ಪೈಸೆಗಿಂತ ಕಡಿಮೆಯಿದ್ದರೆ ನಿಶ್ಚಿಂತೆ. ತೆರೆಯ ಮೇಲೆ ಏಳು ಅಂಕಿ ಮೂಡಿದ ಮಾತ್ರಕ್ಕೆ ಏಳೂ ಅಂಕಿ ಸರಿ ಎಂದುಕೊಳ್ಳುವುದು ಬಹಳ ಜನರ ತಪ್ಪುಕಲ್ಪನೆ. ಎಷ್ಟು ಅಂಕಿ ತೋರಿಸಬೇಕು ಎಂಬುದನ್ನು ತೀರ್ಮಾನಿಸುವ ವ್ಯವಸ್ಥೆ ಬೇರೆ, ಎಷ್ಟು ಅಂಕಿ ನಂಬಬೇಕು ಎಂಬುದನ್ನು ತೀರ್ಮಾನಿಸುವ ಟಾಲ್ ಬೇರೆ.

ಇನ್ನು ಚೀಟಿ. ಇಲ್ಲಿ ನಿಮ್ಮ ಮಗಳ ಮಾತಿಗೆ ನನ್ನ ತಕರಾರಿದೆ. ಆದರೆ ಅವಳು ಮಾಡಿದ ಊಹೆಯನ್ನು ಎಂ.ಎಸ್ಸಿ. ವಿದ್ಯಾರ್ಥಿಗಳೂ ಮಾಡುತ್ತಾರೆ. ಎರಡು ತುದಿಗಳಲ್ಲಿ ಒಂದೇ ಚಿಹ್ನೆ ಇದ್ದರೆ ಮೂಲ ಇಲ್ಲವೆಂದಲ್ಲ. ಇದೆಯೆಂಬ ಭರವಸೆ ಸಿಗುವುದಿಲ್ಲ, ಅಷ್ಟೇ. ಚಳಿಗಾಲದ ಬೆಳಗ್ಗೆ ನಂದಿಬೆಟ್ಟದ ಅರ್ಧಕ್ಕೆ ಮಂಜು ಕವಿದು ನಿಂತಿರುವುದನ್ನು ನೀವು ನೋಡಿರುತ್ತೀರಿ. ಒಂದು ಬುಡದಿಂದ ಹತ್ತಿ ಇನ್ನೊಂದು ಬುಡಕ್ಕೆ ಇಳಿದವನನ್ನು ಹೊರಡುವಾಗ ಮತ್ತು ಮುಟ್ಟಿದಾಗ ಮಾತ್ರ ನೋಡಿದವರಿಗೆ, ಅವನು ಎರಡೂ ಸಲ ಮಂಜಿನ ಕೆಳಗೇ ಕಾಣುತ್ತಾನೆ. ನಡುವೆ ಅವನು ಮಂಜಿನ ಪದರವನ್ನು ಎರಡು ಸಲ ದಾಟಿದ್ದಾನೆ. ನಿಮ್ಮ ಚೀಟಿಯಲ್ಲಿ ಆಗಿರುವುದೂ ಇದೇ.

ಎಲ್ಲ ಹಣವನ್ನೂ ಹತ್ತನೇ ತಿಂಗಳ ಬೆಲೆಗೆ ತಂದು ನಿಲ್ಲಿಸಿ ನೋಡೋಣ. ಅದಕ್ಕೂ ಮುಂಚೆ ಕಟ್ಟಿದ ಕಂತುಗಳಿಗೆ ಬಡ್ಡಿ ಸೇರುತ್ತದೆ, ಆಮೇಲೆ ಕಟ್ಟುವ ಕಂತುಗಳಿಂದ ಬಡ್ಡಿ ಕಳೆಯುತ್ತದೆ. ಬಂದ 87,800ದಿಂದ ಈ ಇಪ್ಪತ್ತೂ ಕಂತುಗಳ ಬೆಲೆಯನ್ನು ಕಳೆದರೆ ಸಿಗುವುದೇ ನಮ್ಮ ಫಂಕ್ಷನ್. ದರ ಸೊನ್ನೆಯಾದರೆ ಅದರ ಬೆಲೆ ಋಣ 200 ರೂಪಾಯಿ, ಏಕೆಂದರೆ ನೀವು ಕಟ್ಟಿದ್ದು ಒಟ್ಟು 88,000. ತಿಂಗಳಿಗೆ ಶೇಕಡಾ 10 ಆದರೆ ಸುಮಾರು ಋಣ 9,361. ಯೂನಿರೂಟ್ ನೋಡಿದ್ದು ಈ ಎರಡನ್ನೇ. ಆದರೆ ಶೇಕಡಾ 1ರಲ್ಲಿ ಬೆಲೆ ಧನ 93 ರೂಪಾಯಿ, 1.5ರಲ್ಲಿ ಧನ 130 ರೂಪಾಯಿ. ಅಂದರೆ ರೇಖೆ ಸೊನ್ನೆಯ ಗೆರೆಯ ಮೇಲೆ ಒಂದಿಷ್ಟೇ ತಲೆ ಎತ್ತಿ ಮತ್ತೆ ಇಳಿದುಬಿಟ್ಟಿದೆ. ನೀವು 0.0001ರಿಂದ 0.01ರವರೆಗೆ ಹುಡುಕಿಸಿದರೆ 0.0056 ಸಿಗುತ್ತದೆ, 0.01ರಿಂದ 0.1ರವರೆಗೆ ಹುಡುಕಿಸಿದರೆ 0.0249 ಸಿಗುತ್ತದೆ. ವರ್ಷದ ಲೆಕ್ಕದಲ್ಲಿ ಒಂದು ಸುಮಾರು ಶೇಕಡಾ 6.7, ಇನ್ನೊಂದು 29.8. ಎರಡೂ ನಿಜವಾದ ಮೂಲಗಳೇ, ಎರಡರಲ್ಲೂ ಲೆಕ್ಕದ ತಪ್ಪಿಲ್ಲ.

ಒಂದೇ ಚೀಟಿಗೆ ಎರಡು ಬಡ್ಡಿದರ ಹೇಗೆ ಎಂದು ನೀವು ಕೇಳುವುದು ಸಹಜ. ಸಾಲದಲ್ಲಿ ಹಣ ಮೊದಲು ಒಳಗೆ ಬರುತ್ತದೆ, ಆಮೇಲೆ ಕೊನೆಯವರೆಗೂ ಹೊರಗೆ ಹೋಗುತ್ತದೆ. ಚಿಹ್ನೆ ಬದಲಾಗುವುದು ಒಂದೇ ಸಲ. ನಡುವೆ ಎತ್ತಿದ ಚೀಟಿಯಲ್ಲಿ ಒಂಬತ್ತು ತಿಂಗಳು ಹೊರಗೆ ಹೋಗಿ, ಹತ್ತನೆಯ ತಿಂಗಳು ದೊಡ್ಡ ಮೊತ್ತ ಒಳಗೆ ಬಂದು, ಮತ್ತೆ ಹತ್ತು ತಿಂಗಳು ಹೊರಗೆ ಹೋಗುತ್ತದೆ. ಚಿಹ್ನೆ ಎರಡು ಸಲ ಬದಲಾಗುತ್ತದೆ. ಬಹುಪದೋಕ್ತಿಯ ಸಹಗುಣಕಗಳ ಚಿಹ್ನೆ ಎಷ್ಟು ಸಲ ಬದಲಾಗುತ್ತದೋ ಅದರ ಧನ ಮೂಲಗಳು ಅಷ್ಟೇ ಇರುತ್ತವೆ, ಇಲ್ಲವೇ ಎರಡರ ಲೆಕ್ಕದಲ್ಲಿ ಕಡಿಮೆಯಾಗುತ್ತವೆ ಎಂಬುದು 1637ರಷ್ಟು ಹಳೆಯ ಡೆಕಾರ್ಟ್ ನಿಯಮ. ಸಾಲಕ್ಕೆ ಒಂದೇ ಮೂಲ ಎಂಬುದು ಇದರಿಂದಲೇ ಖಚಿತ. ಚೀಟಿಗೆ ಎರಡು ಇರಬಹುದು, ಅಥವಾ ಒಂದೂ ಇಲ್ಲದಿರಬಹುದು. ನೀವು ಆತುರದಲ್ಲಿ ಇನ್ನೂ ಇಳಿಸಿ ಕೂಗಿ 82,000ಕ್ಕೆ ಎತ್ತಿದ್ದರೆ ಇಡೀ ರೇಖೆ 5,800 ರೂಪಾಯಿ ಕೆಳಗೆ ಇಳಿಯುತ್ತಿತ್ತು. ಅದರ ಶಿಖರವೇ ಗೆರೆಯಿಂದ ಸುಮಾರು 5,670 ರೂಪಾಯಿ ಕೆಳಗಿರುತ್ತಿತ್ತು. ಆಗ ನಿಮ್ಮ ಮಗಳ ಮಾತು ಅಕ್ಷರಶಃ ಸರಿಯಾಗುತ್ತಿತ್ತು. ಗಮನಿಸಿ, ದೋಷ ಸಂದೇಶ ಎರಡೂ ಸಂದರ್ಭಗಳಲ್ಲಿ ಒಂದೇ. ಅದನ್ನು ಓದಿ ಯಾವುದು ಯಾವುದೆಂದು ಹೇಳಲು ಯಾರಿಂದಲೂ ಆಗದು.

ಹೇಳಬಲ್ಲದ್ದು ಚಿತ್ರ. ಹುಡುಕುವ ಮುಂಚೆ 'ಕರ್ವ್' ಆಜ್ಞೆಯಿಂದ ರೇಖೆಯನ್ನು ಎಳೆದು, ಸೊನ್ನೆಯಲ್ಲಿ ಒಂದು ಅಡ್ಡಗೆರೆ ಹಾಕಿ ನೋಡಿ. ಮೊದಲ ಚಿತ್ರ ಮೋಸ ಮಾಡಬಹುದು ಎಂಬುದನ್ನೂ ಹೇಳಬೇಕು: 0ಯಿಂದ 0.1ರವರೆಗಿನ ಚಿತ್ರದಲ್ಲಿ ಒಂಬತ್ತು ಸಾವಿರದ ಇಳಿತದ ಪಕ್ಕದಲ್ಲಿ 130 ರೂಪಾಯಿಯ ಉಬ್ಬು ಗೆರೆಗೆ ಅಂಟಿಕೊಂಡಂತೆ ಕಾಣುತ್ತದೆ, ದಾಟಿದೆಯೋ ಇಲ್ಲವೋ ತಿಳಿಯುವುದಿಲ್ಲ. 0ಯಿಂದ 0.03ರವರೆಗೆ ಮತ್ತೆ ಎಳೆದಾಗ ಉಬ್ಬು ಸ್ಪಷ್ಟವಾಗಿ ಮೇಲೆದ್ದು ನಿಲ್ಲುತ್ತದೆ. ಇಲ್ಲಿ ನೀವು ಎಡವಬಹುದಾದ ಒಂದು ಕಲ್ಲಿದೆ. ಕರ್ವ್ ಆಜ್ಞೆ ನಿಮ್ಮ ಫಂಕ್ಷನ್‌ಗೆ ನೂರೊಂದು ದರಗಳನ್ನು ಒಟ್ಟಿಗೆ ಕೊಟ್ಟು ಅಷ್ಟೇ ಉತ್ತರಗಳನ್ನು ನಿರೀಕ್ಷಿಸುತ್ತದೆ. ಇಪ್ಪತ್ತು ಕಂತುಗಳನ್ನು 'ಸಮ್' ಬಳಸಿ ಕೂಡಿದ್ದರೆ ಎಲ್ಲವೂ ಸೇರಿ ಒಂದೇ ಸಂಖ್ಯೆಯಾಗಿ, ಉದ್ದ ಹೊಂದುತ್ತಿಲ್ಲ ಎಂಬ ದೂರು ಬರುತ್ತದೆ. ಫಂಕ್ಷನ್‌ಗೆ ಪ್ರತಿ ದರಕ್ಕೂ ಬೇರೆ ಬೇರೆಯಾಗಿ ಲೆಕ್ಕ ಮಾಡಿಸುವ 'ವೆಕ್ಟರೈಸ್' ಹೊದಿಸಿ ಕೊಡಿ, ಅಥವಾ ಕಂತುಗಳ ಮೊತ್ತವನ್ನು 4400 × ((1 + ದ)^10 − (1 + ದ)^−10) / ದ ಎಂದು ಒಂದೇ ಏಟಿಗೆ ಬರೆಯಿರಿ.

ಬೇರೆ ದಾರಿಗಳೂ ಇವೆ, ಅವುಗಳ ಅಪಾಯಗಳನ್ನೂ ತಿಳಿದಿರಿ. ಯೂನಿರೂಟ್‌ನಲ್ಲೇ 'ಎಕ್ಸ್‌ಟೆಂಡ್‌ಇಂಟ್' ಎಂಬ ಆಯ್ಕೆಯಿದೆ; ತುದಿಗಳ ಚಿಹ್ನೆ ಒಂದೇ ಆದಾಗ ಅದು ವ್ಯಾಪ್ತಿಯನ್ನು ತಾನೇ ಹಿಗ್ಗಿಸುತ್ತದೆ. ದೋಷ ಸಂದೇಶ ಕಂಡ ಕೂಡಲೇ ಅನೇಕರು ಇದನ್ನು ಹಚ್ಚುತ್ತಾರೆ. ನಿಮ್ಮ ಚೀಟಿಗೆ ಇದು ಬೇಡ. ಅದು ಹೊರಕ್ಕೆ ಹಿಗ್ಗುತ್ತದೆ, ನಿಮ್ಮ ಮೂಲಗಳು ಒಳಗಿವೆ. ಎಡಕ್ಕೆ ಹಿಗ್ಗಿ −1ಕ್ಕಿಂತ ಕೆಳಗೆ ಹೋದರೆ ಅಲ್ಲಿ ಫಂಕ್ಷನ್ ಧನವಾಗುತ್ತದೆ, ಆ ಚಿಹ್ನೆ ಬದಲಾವಣೆಯನ್ನೇ ಹಿಡಿದು ನೂರಕ್ಕೆ ನೂರಕ್ಕಿಂತ ಹೆಚ್ಚು ನಷ್ಟ ಎಂಬ ಅರ್ಥವಿಲ್ಲದ ದರವನ್ನು ಉತ್ತರವೆಂದು ಕೊಟ್ಟೀತು. 'ರೂಟ್‌ಸಾಲ್ವ್' ಪ್ಯಾಕೇಜಿನ 'ಯೂನಿರೂಟ್.ಆಲ್' ವ್ಯಾಪ್ತಿಯನ್ನು ನೂರು ತುಂಡು ಮಾಡಿ ಪ್ರತಿ ತುಂಡಿನಲ್ಲೂ ಚಿಹ್ನೆ ನೋಡುತ್ತದೆ. 0.0001ರಿಂದ 1ರವರೆಗೆ ಕೊಟ್ಟರೆ ನಿಮ್ಮ ಎರಡೂ ಮೂಲಗಳು ಬೇರೆ ಬೇರೆ ತುಂಡುಗಳಲ್ಲಿ ಬಿದ್ದು ಸಿಕ್ಕುತ್ತವೆ. ಅದನ್ನೇ 5ರವರೆಗೆ ಕೊಟ್ಟರೆ ತುಂಡೊಂದರ ಅಗಲ 0.05 ಆಗಿ, ಎರಡೂ ಮೊದಲ ತುಂಡಿನೊಳಗೇ ಅಡಗಿ, ಒಂದೂ ಸಿಗದು. ದೊಡ್ಡ ವ್ಯಾಪ್ತಿ ಕೊಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ತಿರುಗುಬಾಣವಾಗುತ್ತದೆ.

ನ್ಯೂಟನ್ ವಿಧಾನಕ್ಕೆ ವ್ಯಾಪ್ತಿಯೇ ಬೇಕಿಲ್ಲ, ಒಂದು ಆರಂಭದ ಊಹೆ ಸಾಕು. ಮೂಲದ ಹತ್ತಿರವಿದ್ದರೆ ಅದರಷ್ಟು ಚುರುಕು ಬೇರೆಯಿಲ್ಲ. ಆದರೆ ಊಹೆ 0.015ರಂತೆ ಶಿಖರದ ಬಳಿಯಿದ್ದರೆ, ಅಲ್ಲಿ ರೇಖೆ ಹೆಚ್ಚುಕಡಿಮೆ ಮಟ್ಟಸವಾಗಿರುವುದರಿಂದ ಮುಂದಿನ ಹೆಜ್ಜೆ ಎಲ್ಲಿಗೋ ಹಾರಿಬಿಡುತ್ತದೆ. 'ಪಾಲಿರೂಟ್' ಬಹುಪದೋಕ್ತಿಗಳಿಗೆಂದೇ ಇರುವುದು. ನಿಮ್ಮ ಚೀಟಿಯನ್ನು (1 + ದ)ದ 19ನೇ ಘಾತದ ಬಹುಪದೋಕ್ತಿಯಾಗಿ ಬರೆದು ಸಹಗುಣಕಗಳನ್ನು ಕೆಳಗಿನ ಘಾತದಿಂದ ಮೇಲಿನ ಘಾತದ ಕ್ರಮದಲ್ಲಿ ಕೊಟ್ಟರೆ ಹತ್ತೊಂಬತ್ತು ಮೂಲಗಳನ್ನೂ ಒಮ್ಮೆಗೇ ಕೊಡುತ್ತದೆ. ಎಲ್ಲವೂ ಸಂಕೀರ್ಣ ಸಂಖ್ಯೆಗಳ ರೂಪದಲ್ಲಿ ಬರುತ್ತವೆ. ನಿಜ ಮೂಲಗಳ ಬಾಲದಲ್ಲೂ ಹದಿನೈದನೆಯ ದಶಮಾಂಶದ ಆಸುಪಾಸಿನ ಕಾಲ್ಪನಿಕ ಭಾಗವೊಂದು ಉಳಿದಿರಬಹುದು, ಅದನ್ನು ಸೊನ್ನೆಯೆಂದೇ ತಿಳಿಯಬೇಕು. ಅವುಗಳಲ್ಲಿ ಧನ ನಿಜ ಮೂಲಗಳು ಎರಡೇ, 1.0056 ಮತ್ತು 1.0249. ಕನಿಷ್ಠ ಒಂದು ಋಣ ನಿಜ ಮೂಲವೂ ಇರುತ್ತದೆ, ಅದಕ್ಕೆ ವ್ಯವಹಾರದಲ್ಲಿ ಅರ್ಥವಿಲ್ಲ. ಇನ್ನೆಲ್ಲೂ ಮೂಲ ಅಡಗಿಲ್ಲವೆಂದು ಖಚಿತಪಡಿಸಿಕೊಳ್ಳಲು ನಾನೇ ಇದನ್ನು ಬಳಸುತ್ತೇನೆ.

ಈಗ ನಿಮ್ಮ ಮುಖ್ಯ ಚಿಂತೆಗೆ ಬರೋಣ. ಎರಡು ಮೂಲಗಳಲ್ಲಿ ಯಾವುದು ಚೀಟಿಯ ನಿಜವಾದ ದರ ಎಂದು ಗಣಿತ ಹೇಳುವುದಿಲ್ಲ, ಏಕೆಂದರೆ ನಡುವೆ ಎತ್ತಿದ ಚೀಟಿ ಅರ್ಧ ಉಳಿತಾಯ, ಅರ್ಧ ಸಾಲ. ಒಂದೇ ದರವನ್ನು ಎರಡಕ್ಕೂ ಹೊಂದಿಸಲು ಹೊರಟದ್ದರಿಂದ ಈ ಗೊಂದಲ. ಎರಡನ್ನೂ ಬಿಡಿಸಿ. ನೀವು ಕಟ್ಟಿದ ಮೊದಲ ಹತ್ತು ಕಂತುಗಳನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ತಿಂಗಳಿಗೆ ಶೇಕಡಾ 0.5, ಅಂದರೆ ವರ್ಷಕ್ಕೆ 6 ಬರುತ್ತಿತ್ತು ಎಂದುಕೊಳ್ಳಿ. ಹತ್ತನೇ ತಿಂಗಳಿಗೆ ಅದು 45,003 ರೂಪಾಯಿ ಆಗಿರುತ್ತಿತ್ತು. ಕೈಗೆ ಬಂದ 87,800ದಲ್ಲಿ ಅಷ್ಟು ನಿಮ್ಮದೇ ಹಣ. ಉಳಿದ 42,797 ಮಾತ್ರ ಸಾಲ. ಅದನ್ನು ನೀವು 4,400ರಂತೆ ಹತ್ತು ಕಂತುಗಳಲ್ಲಿ ತೀರಿಸುತ್ತೀರಿ. ಈ ತುಂಡಿನಲ್ಲಿ ಚಿಹ್ನೆ ಬದಲಾಗುವುದು ಒಂದೇ ಸಲ, ಆದ್ದರಿಂದ ಮೂಲವೂ ಒಂದೇ, ಯೂನಿರೂಟ್ ತಕರಾರಿಲ್ಲದೆ ಹಿಡಿಯುತ್ತದೆ: ತಿಂಗಳಿಗೆ ಶೇಕಡಾ 0.507, ವರ್ಷಕ್ಕೆ ಸುಮಾರು 6.1. ನಿಮ್ಮ ಹಣ ಬ್ಯಾಂಕಿಗೆ ಹೋಗದೆ ಗೂಡು ವ್ಯಾಪಾರದಲ್ಲೇ ಓಡಿ ತಿಂಗಳಿಗೆ ಶೇಕಡಾ 1.5 ತರುತ್ತಿತ್ತು ಎಂದಿಟ್ಟುಕೊಂಡರೂ ಇದೇ ಲೆಕ್ಕದಲ್ಲಿ ಸಾಲದ ದರ 1.44 ಆಗುತ್ತದೆ. ಎರಡೂ 1.80ರ ಸಾಲಕ್ಕಿಂತ ಕಡಿಮೆಯೇ. ಆದ್ದರಿಂದ ನೀವು ಕೊಟ್ಟ ಅಂಕಿಗಳ ಮಟ್ಟಿಗೆ ಚೀಟಿ ಅಗ್ಗ. ಉಳಿತಾಯಕ್ಕೆ ಯಾವ ದರ ಹಾಕಬೇಕು ಎಂಬ ತೀರ್ಮಾನ ಮಾತ್ರ ನಿಮ್ಮದೇ. ನಿಮ್ಮ ಘಟಕದ ಹಣ ಎಲ್ಲಿ ಎಷ್ಟು ದುಡಿಯುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಒಂದು ತಿದ್ದುಪಡಿ ಉಳಿದಿದೆ. ತಿಂಗಳಿಗೆ 4,400 ಎಂಬುದು ಸರಾಸರಿ. ಚೀಟಿಯಲ್ಲಿ ಮೊದಮೊದಲು ಕೂಗು ಜೋರಾಗಿ ಡಿವಿಡೆಂಡ್ ಹೆಚ್ಚು ಬರುತ್ತದೆ, ಕೊನೆಕೊನೆಗೆ ಕರಗುತ್ತದೆ. ಅಂದರೆ ನೀವು ಮೊದಲು ಕಡಿಮೆ, ಆಮೇಲೆ ಹೆಚ್ಚು ಕಟ್ಟಿರುತ್ತೀರಿ. ನಿಮ್ಮ ರೇಖೆಯ ಉಬ್ಬು ಬರೀ 130 ರೂಪಾಯಿಯದ್ದಾದ್ದರಿಂದ ಅಷ್ಟು ಸಣ್ಣ ವ್ಯತ್ಯಾಸವೂ ಮೂಲಗಳನ್ನು ದೂರ ಸರಿಸಬಲ್ಲದು. ಪಾಸ್‌ಬುಕ್ ತೆರೆದು ಇಪ್ಪತ್ತು ತಿಂಗಳ ನಿಜವಾದ ಕಂತುಗಳನ್ನು ಒಂದೊಂದಾಗಿ ನಮೂದಿಸಿ, 0ಯಿಂದ 0.03ರವರೆಗಿನ ಚಿತ್ರವನ್ನು ಮತ್ತೊಮ್ಮೆ ಎಳೆಯಿರಿ. ಉಳಿತಾಯ ಮತ್ತು ಸಾಲವನ್ನು ಬಿಡಿಸುವ ಲೆಕ್ಕವನ್ನು ಆ ಅಂಕಿಗಳ ಮೇಲೆಯೇ ಮಾಡಿ.